ಮುಂದಿನ ಬ್ರೇಕ್ ಪ್ಯಾಡ್: ಮನೆಯಲ್ಲೇ ಬದಲಿಸುವುದೋ, ಮೇಸ್ತ್ರಿಗೆ ಒಪ್ಪಿಸುವುದೋ?

ದುಡ್ಡಿನ ಲೆಕ್ಕದಿಂದಲೇ ಶುರು ಮಾಡೋಣ. ಆಲ್ಟೊ, ವ್ಯಾಗನಾರ್, ಸ್ವಿಫ್ಟ್‌ನಂಥ ಸಣ್ಣ ಕಾರಿಗೆ ಮುಂದಿನ ಬ್ರೇಕ್ ಪ್ಯಾಡಿನ ಒಂದು ಸೆಟ್ ಸುಮಾರು ಒಂದರಿಂದ ಎರಡೂವರೆ ಸಾವಿರ ರೂಪಾಯಿ. ಅದನ್ನು ಕೂಡಿಸಲು ಬಾಗಲಕೋಟೆಯಲ್ಲಾಗಲಿ ಇಳಕಲ್ಲಿನಲ್ಲಾಗಲಿ ರಸ್ತೆ ಬದಿಯ ಗ್ಯಾರೇಜಿನವರು ಕೇಳುವ ಮಜೂರಿ ನಾಲ್ಕುನೂರೋ ಐದುನೂರೋ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಅದರ ದುಪ್ಪಟ್ಟು ಎಂದಿಟ್ಟುಕೊಳ್ಳಿ. ಮನೆಯಲ್ಲೇ ಮಾಡುತ್ತೇನೆಂದು ಹೊರಟರೆ ಒಂದು ಜೊತೆ ಜಾಕ್ ಸ್ಟ್ಯಾಂಡ್, ಟಾರ್ಕ್ ವ್ರೆಂಚ್, ಸಿ ಕ್ಲ್ಯಾಂಪ್, ಬ್ರೇಕ್ ಕ್ಲೀನರ್, ಗ್ರೀಸು ಎಲ್ಲ ಸೇರಿ ನಾಲ್ಕೈದು ಸಾವಿರ ಮೊದಲೇ ಕೈ ಬಿಡುತ್ತದೆ. ಮಜೂರಿ ಉಳಿಸಿ ಆ ದುಡ್ಡು ಹೊಂದಿಸಬೇಕಾದರೆ ಹತ್ತು ಸಲ ಪ್ಯಾಡ್ ಬದಲಿಸಬೇಕು. ಒಂದು ಸೆಟ್ ಸಾಮಾನ್ಯವಾಗಿ 30ರಿಂದ 50 ಸಾವಿರ ಕಿ.ಮೀ. ಬಾಳುತ್ತದೆ. ಹತ್ತು ಸಲ ಮುಗಿಯುವಷ್ಟರಲ್ಲಿ ಕಾರೇ ಗುಜರಿ ಸೇರಿರುತ್ತದೆ.

ಅಮೆರಿಕದಲ್ಲಿರುವ ನಮ್ಮ ಕಡೆಯ ಹುಡುಗರು ಶನಿವಾರ ಮನೆ ಮುಂದೆ ಗಾಲಿ ಬಿಚ್ಚಿಕೊಂಡು ಕೂರುತ್ತಾರೆಂದರೆ ಅದಕ್ಕೆ ಅರ್ಥವಿದೆ. ಅಲ್ಲಿ ಗ್ಯಾರೇಜಿನ ಮಜೂರಿ ಗಂಟೆಗೆ ನೂರು ಡಾಲರ್ ದಾಟುವುದು ಸಾಮಾನ್ಯ. ಹುನಗುಂದದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಆದರೂ ಈ ಕೆಲಸ ಕಲಿಯಿರಿ ಎನ್ನುತ್ತೇನೆ, ಬೇರೆ ಕಾರಣಕ್ಕೆ. ಒಮ್ಮೆ ಕೈಯಾರೆ ಬಿಚ್ಚಿ ಜೋಡಿಸಿದವನಿಗೆ ಪ್ಯಾಡ್ ಎಷ್ಟು ಉಳಿದಿದೆ, ಡಿಸ್ಕ್ ಕೆಟ್ಟಿದೆಯೇ, ಸದ್ದು ಎಲ್ಲಿಂದ ಬರುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಮೇಸ್ತ್ರಿ "ಸರ್, ಪ್ಯಾಡ್ ಪೂರಾ ಹೋಗ್ಯಾವ್ರಿ, ಡಿಸ್ಕ್ ಸೈತ ಹಾಕಿಸಬೇಕ್ರಿ" ಎಂದಾಗ ಸುಮ್ಮನೆ ತಲೆಯಾಡಿಸಬೇಕಾಗಿಲ್ಲ. "ಅಣ್ಣಾ, ಡಿಸ್ಕಿನ ದಪ್ಪ ಎಷ್ಟೈತಿ, ಅಳದು ತೋರಸ್ರಿ" ಎನ್ನಬಹುದು.

ಇನ್ನೊಂದು ಕಾರಣ ನಮ್ಮ ರಸ್ತೆಗಳು. ಇಳಕಲ್ಲಿನ ಸುತ್ತ ಗ್ರಾನೈಟ್ ಕ್ವಾರಿ, ಪಾಲಿಶ್ ಘಟಕಗಳ ಲಾರಿಗಳು ಬಿಟ್ಟುಹೋಗುವ ಪುಡಿ. ಬಾದಾಮಿ, ಮಹಾಕೂಟ, ಪಟ್ಟದಕಲ್ಲಿನ ತಿರುವುಗಳಲ್ಲಿ ಕೆಂಪು ಮರಳು. ಮಳೆಗಾಲದಲ್ಲಿ ಗಾಲಿಯೊಳಗೆ ಮೆತ್ತಿಕೊಂಡು ಒಣಗಿದ ಮೇಲೆ ಉಳಿಯಿಂದಲೂ ಏಳದ ಎರೆಮಣ್ಣು. ಹಂಗಾಮಿನಲ್ಲಿ ರಸ್ತೆ ಮೇಲೆಯೇ ರಾಶಿ ಹಾಕುತ್ತಾರೆ. ಹುರುಳಿ ಬಳ್ಳಿ, ಹೊಟ್ಟು ಗಾಲಿಗೆ ಸುತ್ತಿಕೊಂಡು ಬಿಸಿ ಡಿಸ್ಕಿಗೆ ತಾಗಿ ಹೊಗೆ ಎದ್ದದ್ದೂ ಉಂಟು. ಊರಿಗೆ ಮೂರು ಹಂಪ್ಸು, ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಕ್ಟರು, ಅಡ್ಡ ಬರುವ ಕುರಿ ಹಿಂಡು ಬೇರೆ. ಇಲ್ಲಿ ಬ್ರೇಕಿಗೆ ಪುರಸೊತ್ತಿಲ್ಲ.

ಯಾವುದು ನಮ್ಮ ಕೆಲಸ, ಯಾವುದು ಅಲ್ಲ

ಹೊಸಬರು ಮನೆಯಲ್ಲಿ ಮಾಡಬಹುದಾದದ್ದು ಒಂದೇ: ಮುಂದಿನ ಡಿಸ್ಕ್ ಬ್ರೇಕಿನ ಪ್ಯಾಡ್ ಬದಲಿಸುವುದು. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುವುದರಿಂದ ನಿಲ್ಲಿಸುವ ಶ್ರಮದಲ್ಲಿ ಮೂರರಲ್ಲಿ ಎರಡು ಪಾಲು ಮುಂದಿನ ಗಾಲಿಗಳದ್ದೇ. ಹಾಗಾಗಿ ಮೊದಲು ಸವೆಯುವುದೂ ಮುಂದಿನ ಪ್ಯಾಡೇ, ಬಿಚ್ಚಲು ಸುಲಭವಾದದ್ದೂ ಅದೇ.

ಹಿಂದಿನ ಡ್ರಮ್ಮು, ಬ್ರೇಕ್ ಆಯಿಲ್ ಬದಲಾವಣೆ, ಪೈಪಿನೊಳಗಿನ ಏರ್ ತೆಗೆಯುವುದು, ಎಬಿಎಸ್ ದೀಪ ಹತ್ತಿದ್ದು, ಇವೆಲ್ಲ ಮೇಸ್ತ್ರಿಯ ಪಾಲಿಗಿರಲಿ. ಕಾರಿಗೆ ಇನ್ನೂ ವಾರಂಟಿ ಇದ್ದರೆ ಪ್ಯಾಡನ್ನೂ ಮುಟ್ಟಬೇಡಿ. ಬಟನ್ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಹಿಂದಿನ ಡಿಸ್ಕಿನ ಹತ್ತಿರವೂ ಹೋಗಬೇಡಿ. ಅದರ ಪಿಸ್ಟನ್ ಕಂಪ್ಯೂಟರ್ ಹೇಳಿದರಷ್ಟೇ ಹಿಂದೆ ಸರಿಯುತ್ತದೆ.

ಹಂತ 1: ನಿಜಕ್ಕೂ ಪ್ಯಾಡ್ ಸವೆದಿದೆಯೇ?

ಬ್ರೇಕ್ ಒತ್ತಿದಾಗ ಸಣ್ಣಗೆ ಕೀಚ್ ಎಂಬ ಸದ್ದು ಬಂದರೆ ಅದು ಹಲವು ಪ್ಯಾಡುಗಳಲ್ಲಿ ಬೇಕೆಂದೇ ಇಟ್ಟಿರುವ ತಗಡಿನ ನಾಲಿಗೆಯ ಸದ್ದು. ಪ್ಯಾಡ್ ಸವೆದು ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಅದನ್ನು ಕೇಳಿಯೂ ಓಡಿಸಿದರೆ ಮುಂದೆ ಗರಗರ ಶಬ್ದ ಬರುತ್ತದೆ. ಅಷ್ಟರಲ್ಲಿ ಕಬ್ಬಿಣಕ್ಕೆ ಕಬ್ಬಿಣ ಹತ್ತಿರುತ್ತದೆ, ಸಾವಿರದ ಖರ್ಚು ಡಿಸ್ಕೂ ಸೇರಿ ಐದಾರು ಸಾವಿರ ಆಗಿರುತ್ತದೆ. ಮಳೆಯಲ್ಲಿ ರಾತ್ರಿ ನಿಂತ ಕಾರು ಬೆಳಿಗ್ಗೆ ಮೊದಲ ಎರಡು ಸಲ ಗೊರಗುಟ್ಟುವುದು ಮಾತ್ರ ಡಿಸ್ಕ್ ಮೇಲಿನ ತೆಳು ತುಕ್ಕು; ಅದಕ್ಕೆ ಹೆದರಬೇಡಿ.

ಪೆಡಲ್ ಒತ್ತಿದಾಗ ಕಾಲಿಗೆ ನಡುಕ ಬಂದರೆ ದೋಷ ಹೆಚ್ಚಾಗಿ ಡಿಸ್ಕಿನದು. ಗಾಡಿ ಒಂದು ಮಗ್ಗುಲಿಗೆ ಎಳೆದರೆ ಡಿಸ್ಕನ್ನು ಅವುಚಿ ಹಿಡಿಯುವ ಕ್ಯಾಲಿಪರ್ ಒಂದು ಕಡೆ ಜಾಮ್ ಆಗಿರಬಹುದು. ಪೆಡಲ್ ಮೆತ್ತಗೆ ಕೆಳಗಿಳಿದರೆ ಆಯಿಲ್ ಸೋರಿದೆ, ಇಲ್ಲವೇ ಏರ್ ಹೊಕ್ಕಿದೆ. ಈ ಮೂರಕ್ಕೂ ಬರೀ ಪ್ಯಾಡ್ ಮದ್ದಲ್ಲ.

ನೋಡುವ ರೀತಿ ಸುಲಭ. ಅಲಾಯ್ ಗಾಲಿಯಾದರೆ ಸಂದಿಯಿಂದಲೇ ಮೊಬೈಲ್ ಬ್ಯಾಟರಿ ಹಿಡಿದು ನೋಡಿ. ತಗಡಿನ ಗಾಲಿಯಾದರೆ ಬಿಚ್ಚಬೇಕು. ಪ್ಯಾಡಿನಲ್ಲಿ ಎರಡು ಭಾಗ: ಹಿಂದಿನ ಕಬ್ಬಿಣದ ಹಲಗೆ, ಅದಕ್ಕಂಟಿದ ಉಜ್ಜುವ ಭಾಗ. ಅಳೆಯಬೇಕಾದದ್ದು ಎರಡನೆಯದನ್ನು ಮಾತ್ರ. ಹೊಸದರಲ್ಲಿ ಅದು ಸುಮಾರು 10 ಮಿ.ಮೀ. ಇರುತ್ತದೆ, 3 ಮಿ.ಮೀ.ಗೆ ಬಂದರೆ ಬದಲಿಸಬೇಕು. ಅಂಗಡಿಯವರು ತೆಗೆದುಕೊಳ್ಳಲು ಮೂಗು ಮುರಿಯುವ ಹತ್ತು ರೂಪಾಯಿ ನಾಣ್ಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ನಾಣ್ಯ ಜೋಡಿಸಿದರೆ ಮೂರೂವರೆ ಮಿ.ಮೀ. ಆಸುಪಾಸು, ಪ್ಯಾಡ್ ಅದಕ್ಕಿಂತ ತೆಳ್ಳಗಿದ್ದರೆ ಅಂಗಡಿಗೆ ಹೊರಡಿ. ಒಳಗಿನ ಪ್ಯಾಡನ್ನೂ ನೋಡಿ. ಹೊರಗಿನದು ಗಟ್ಟಿಮುಟ್ಟಾಗಿದ್ದು ಒಳಗಿನದು ನುಣ್ಣಗೆ ಸವೆದಿರುವುದು ನಮ್ಮ ಮಣ್ಣಿನ ರಸ್ತೆಯ ಗಾಡಿಗಳಲ್ಲಿ ಮಾಮೂಲು.

ಹಂತ 2: ಸಾಮಾನು ತರುವುದು

ಆರ್‌ಸಿ ಕಾರ್ಡಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಪ್ಯಾಡ್ ಬಂದಿರುತ್ತದೆ. "ಸ್ವಿಫ್ಟ್ ಪ್ಯಾಡ್ ಕೊಡ್ರಿ" ಎಂದರೆ ಸಾಲದು. ಕಾರು ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವುದು ಒಂದು ಬಗೆ. ಅದಲ್ಲದೆ 1962ರಲ್ಲಿ ಚೆನ್ನೈನ ಪಾಡಿಯಲ್ಲಿ ಶುರುವಾದ ಬ್ರೇಕ್ಸ್ ಇಂಡಿಯಾ, ರಾಣೆ, ಬಾಷ್‌ನಂಥ ಕಂಪನಿಗಳ ಪ್ಯಾಡುಗಳೂ ಸಿಗುತ್ತವೆ. ಇವುಗಳಲ್ಲಿ ಯಾವುದಾದರೂ ಸರಿ. ಡಬ್ಬಿಯ ಮೇಲೆ ಪಾರ್ಟ್ ನಂಬರ್, ತಯಾರಿಕೆಯ ತಿಂಗಳು, ಎಂಆರ್‌ಪಿ ಇರಲೇಬೇಕು. ಅರ್ಧ ಬೆಲೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ಪ್ಯಾಡ್ ಬೇಡ. ಬೇರೆ ಯಾವುದರಲ್ಲಾದರೂ ಜಿಪುಣತನ ಮಾಡಿ, ಇದರಲ್ಲಿ ಬೇಡ.

ಪ್ಯಾಡ್ ಯಾವಾಗಲೂ ಎಡ ಬಲ ಎರಡಕ್ಕೂ ಒಟ್ಟಿಗೆ ಬದಲಿಸಬೇಕು. ಸೆಟ್ಟಿನಲ್ಲಿ ನಾಲ್ಕು ಇರುತ್ತವೆ. ಜೊತೆಗೆ ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸಿನ ಸಣ್ಣ ಟ್ಯೂಬು, ಒಂದು ಬ್ರೇಕ್ ಕ್ಲೀನರ್ ಸ್ಪ್ರೇ, ತಂತಿ ಬ್ರಶ್, ಮುಖಕ್ಕೆ ಮಾಸ್ಕ್, ಕೈಗವಸು ಬೇಕು. ಟ್ರಾಕ್ಟರಿಗೆ ಹಾಕುವ ಹಳದಿ ಗ್ರೀಸು ಮನೆಯಲ್ಲಿದೆಯೆಂದು ಅದನ್ನೇ ಬಳಸಬೇಡಿ. ಪೆಟ್ರೋಲಿಯಂ ಗ್ರೀಸು ತಾಗಿದರೆ ಬ್ರೇಕಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ರಬ್ಬರ್ ಭಾಗವನ್ನು ಪೆಟ್ರೋಲ್, ಡೀಸೆಲ್ಲಿನಲ್ಲಿ ತೊಳೆಯುವುದೂ ಇದೇ ಕಾರಣಕ್ಕೆ ತಪ್ಪು, ಎಷ್ಟೋ ಗ್ಯಾರೇಜುಗಳಲ್ಲಿ ಇದು ದಿನನಿತ್ಯ ನಡೆದರೂ.

ಹಂತ 3: ಜಾಗ

ಈ ಕೆಲಸದಲ್ಲಿ ಜೀವಕ್ಕೆ ಅಪಾಯ ಬರುವುದು ಪ್ಯಾಡಿನಿಂದಲ್ಲ, ಜಾಕಿನ ಮೇಲಿಂದ ಜಾರಿದ ಕಾರಿನಿಂದ. ಆದ್ದರಿಂದ ಜಾಗದ ವಿಚಾರದಲ್ಲಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

ಎರೆಮಣ್ಣಿನ ಹಿತ್ತಲು ಬೇಡ. ಬೇಸಿಗೆಯಲ್ಲಿ ಕಲ್ಲಿನಂತೆ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಒಂದು ಮಳೆ ಬಿದ್ದಿದ್ದರಂತೂ ಜಾಕಿನ ಪಾದ ಸದ್ದಿಲ್ಲದೆ ಇಳಿಯುತ್ತ ಹೋಗುತ್ತದೆ. ಇನ್ನು ಬಾಗಲಕೋಟೆಯ ನವನಗರದ, ಇಳಕಲ್ಲಿನ ಹೊಸ ಮನೆಗಳ ಪಾರ್ಕಿಂಗ್ ನೋಡಿ: ಪಾಲಿಶ್ ಮಾಡಿದ ಗ್ರಾನೈಟ್. ಕಣ್ಣಿಗೆ ಚೆಂದ, ಜಾಕಿಗೆ ಕೆಟ್ಟದ್ದು. ಭಾರ ಬಿದ್ದೊಡನೆ ಜಾಕಿನ ಕಬ್ಬಿಣದ ಪಾದ ನುಣುಪು ಕಲ್ಲಿನ ಮೇಲೆ ಸರಿಯುತ್ತದೆ. ಅಲ್ಲಿಯೇ ಮಾಡಬೇಕೆಂದಿದ್ದರೆ ಜಾಕಿನ ಕೆಳಗೆ ದಪ್ಪ ರಬ್ಬರ್ ಶೀಟು, ಅದರ ಮೇಲೆ ಅಗಲವಾದ ಮರದ ಹಲಗೆ ಹಾಕಿ. ಎಲ್ಲಕ್ಕಿಂತ ಒಳ್ಳೆಯದು ಒರಟು ಸಿಮೆಂಟಿನ, ಇಳಿಜಾರಿಲ್ಲದ ನೆಲ. ಮನೆಯಿಂದ ರಸ್ತೆಗಿಳಿಯುವ ರ‍್ಯಾಂಪ್ ಮೇಲೆ ಕಾರು ನಿಲ್ಲಿಸಿ ಈ ಕೆಲಸ ಮಾಡಲೇಬಾರದು.

ಕಾರೆತ್ತಿದ ಮೇಲೆ ಅದರಡಿ ಇಟ್ಟಂಗಿ ಒಟ್ಟುವ ರೂಢಿ ನಮ್ಮಲ್ಲಿದೆ. ಬೇಡ. ಒಡೆಯುವ ಮುಂಚೆ ಇಟ್ಟಂಗಿ ಸೂಚನೆ ಕೊಡುವುದಿಲ್ಲ. ಬಾದಾಮಿ ಕಡೆಯವರು ಮರಳುಗಲ್ಲಿನ ತುಂಡು ಇಡುತ್ತಾರೆ. ಅದು ಪದರು ಪದರಾಗಿ ಸೀಳುವ ಕಲ್ಲು. ಮಂಗಲೇಶನ 578ರ ಶಾಸನವಿರುವ ಮೂರನೆಯ ಗುಹೆಯನ್ನು ಚಾಲುಕ್ಯರು ಕೊರೆಸಿದ್ದು ಈ ಕಲ್ಲಿನಲ್ಲೇ. ಕೊರೆಯಲು ಒಳ್ಳೆಯ ಕಲ್ಲು ಅದು, ಟನ್ನಿನ ಹತ್ತಿರದ ಕಾರನ್ನು ಮೂಲೆಯ ಮೇಲೆ ಹೊರಲು ಅಲ್ಲ. ಒಂದು ಜೊತೆ ಕಬ್ಬಿಣದ ಜಾಕ್ ಸ್ಟ್ಯಾಂಡ್ ಕೊಳ್ಳಲು ಮನಸ್ಸಿಲ್ಲದವರು ಇಲ್ಲಿಗೇ ನಿಲ್ಲಿಸಿ ಮೇಸ್ತ್ರಿಯ ಕಡೆ ಹೋಗುವುದು ಒಳಿತು.

ಹೊತ್ತು: ಬೆಳಗಿನ ಜಾವ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಪಾನಾ ಹಿಡಿಯಲಾಗುವುದಿಲ್ಲ. ಓಡಿಸಿ ಬಂದ ಕಾರಾದರೆ ಡಿಸ್ಕ್ ಆರಲು ಒಂದು ಗಂಟೆ ಬಿಡಿ. ಸಂಗಡ ಒಬ್ಬರಿರಲಿ, ಮಕ್ಕಳು ಹತ್ತಿರ ಸುಳಿಯದಿರಲಿ.

ಹಂತ 4: ಗಾಲಿ ಬಿಚ್ಚುವುದು

ಹ್ಯಾಂಡ್ ಬ್ರೇಕ್ ಎಳೆಯಿರಿ, ಫಸ್ಟ್ ಗೇರಿನಲ್ಲಿಡಿ, ಹಿಂದಿನ ಎರಡೂ ಗಾಲಿಗಳ ಹಿಂದೆ ಮುಂದೆ ಮರದ ತುಂಡೋ ಒರಟು ಕಲ್ಲೋ ಒತ್ತಿರಿಸಿ. ಕಾರಿನ್ನೂ ನೆಲದ ಮೇಲಿರುವಾಗಲೇ ಗಾಲಿಯ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಸಡಿಲಿಸಲು ಹೋದರೆ ಜಗ್ಗಾಟಕ್ಕೆ ಕಾರು ಜಾಕಿನಿಂದ ಇಳಿಯುತ್ತದೆ.

ಜಾಕ್ ಎಲ್ಲಿಡಬೇಕು, ಸ್ಟ್ಯಾಂಡ್ ಎಲ್ಲಿಡಬೇಕು ಎಂಬುದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರಸಮೇತ ಇದೆ. ಅದನ್ನು ಬಿಟ್ಟು ಕೈಗೆ ಸಿಕ್ಕ ತಗಡಿಗೆ ಕೊಟ್ಟರೆ ಬಾಡಿ ಬಗ್ಗುತ್ತದೆ. ಒಂದು ಸಲಕ್ಕೆ ಒಂದೇ ಗಾಲಿ. ಎತ್ತಿ, ಸ್ಟ್ಯಾಂಡ್ ಇಟ್ಟು, ಜಾಕನ್ನು ನಿಧಾನಕ್ಕೆ ಇಳಿಸಿ ಭಾರ ಸ್ಟ್ಯಾಂಡಿನ ಮೇಲೆ ಕೂರಿಸಿ, ಕೈಯಿಂದ ಒಮ್ಮೆ ಅಲುಗಾಡಿಸಿ ನೋಡಿ. ಬಿಚ್ಚಿದ ಗಾಲಿಯನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿ. ಸ್ಟ್ಯಾಂಡ್ ಕೈಕೊಟ್ಟರೂ ಕಾರು ಗಾಲಿಯ ಮೇಲೆ ಕೂರುತ್ತದೆ, ನಿಮ್ಮ ಕಾಲಿನ ಮೇಲಲ್ಲ.

ಹಂತ 5: ಕ್ಯಾಲಿಪರ್ ತೆರೆಯುವುದು

ಹಿಂಬದಿಯ ಬೋಲ್ಟುಗಳು ಎದುರಿಗೆ ಕಾಣುವತ್ತ ಸ್ಟೇರಿಂಗ್ ತಿರುಗಿಸಿಕೊಳ್ಳಿ. ಕ್ಯಾಲಿಪರ್ ಎಂದರೆ ಡಿಸ್ಕನ್ನು ಎರಡು ಕಡೆಯಿಂದ ಅವುಚಿ ಹಿಡಿದ ಕಬ್ಬಿಣದ ಗಡ್ಡೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕಾರು ಫೋಟೋ ತೆಗೆಯಿರಿ. ಯಾವ ಪ್ಯಾಡ್ ಒಳಗೆ, ಕ್ಲಿಪ್ಪು ಯಾವ ಮುಖವಾಗಿ ಕೂತಿತ್ತು ಎಂಬುದು ಹತ್ತು ನಿಮಿಷದ ನಂತರ ಯಾರಿಗೂ ನೆನಪಿರುವುದಿಲ್ಲ.

ಕ್ಯಾಲಿಪರಿನ ಹಿಂದೆ ಮೇಲೊಂದು ಕೆಳಗೊಂದು ಬೋಲ್ಟ್ ಇರುತ್ತವೆ, ಬಹುತೇಕ 12 ಅಥವಾ 14 ನಂಬರ್ ಪಾನಾದವು. ಕೆಳಗಿನದನ್ನು ಮಾತ್ರ ತೆಗೆಯಿರಿ. ಬೋಲ್ಟಿನ ಜೊತೆ ಪಿನ್ನೂ ತಿರುಗತೊಡಗಿದರೆ ಇನ್ನೊಂದು ತೆಳು ಪಾನಾದಿಂದ ಪಿನ್ನನ್ನು ಹಿಡಿದುಕೊಳ್ಳಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಆಮೇಲೆ ಕ್ಯಾಲಿಪರ್ ಮೇಲಿನ ಪಿನ್ನಿನ ಮೇಲೆ ಬಾಗಿಲಿನಂತೆ ಮೇಲಕ್ಕೇಳುತ್ತದೆ. ತಂತಿ ಕಟ್ಟಿ ಸ್ಪ್ರಿಂಗಿಗೆ ತೂಗುಹಾಕಿ. ಎರಡೂ ಬೋಲ್ಟ್ ಬಿಚ್ಚಬೇಕಾದ ಕಾರಾದರೂ ಕ್ಯಾಲಿಪರನ್ನು ರಬ್ಬರ್ ಪೈಪಿನ ಮೇಲೆ ಜೋತಾಡಲು ಬಿಡಬಾರದು. ಪೈಪ್ ಒಳಗೇ ಸೀಳಿದರೆ ಹೊರಗೆ ಗೊತ್ತಾಗುವುದಿಲ್ಲ. ಕ್ಯಾಲಿಪರ್ ತೆರೆದಿರುವಾಗ ಯಾರೂ ಬ್ರೇಕ್ ಪೆಡಲ್ ಒತ್ತಬಾರದು. ಒತ್ತಿದರೆ ಪಿಸ್ಟನ್ ಹೊರಗೆ ಬಂದು ಆಯಿಲೆಲ್ಲ ನೆಲಕ್ಕೆ.

ಒಳಗೆ ಕಪ್ಪು ಪುಡಿ ತುಂಬಿರುತ್ತದೆ. ಅದನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಯುವ ಪೈಪ್ ಹಿಡಿಯಬೇಡಿ. ಕಲ್ನಾರಿನ ಬಳಕೆಗೆ ನಮ್ಮ ದೇಶದಲ್ಲಿ ಇನ್ನೂ ಪೂರ್ತಿ ನಿಷೇಧ ಬಿದ್ದಿಲ್ಲ. ಹಳೆಯ ಪ್ಯಾಡಿನಲ್ಲಿ, ಹೆಸರಿಲ್ಲದ ಲೈನರಿನಲ್ಲಿ ಅದು ಇರಬಾರದೆಂದೇನಿಲ್ಲ, ಅದರ ಎಳೆ ಪುಪ್ಪುಸಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಮಾಸ್ಕ್ ಹಾಕಿಕೊಂಡು ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಗ್ಯಾರೇಜಿನಲ್ಲಿ ದಿನಕ್ಕೆ ನಾಲ್ಕು ಗಾಡಿಯ ಪುಡಿಯನ್ನು ಏರ್ ಹೊಡೆದು ತೆಗೆಯುವ ಹುಡುಗನಿಗೂ ಇದನ್ನು ಒಮ್ಮೆ ಹೇಳಿ ಬನ್ನಿ.

ಹಂತ 6: ಪ್ಯಾಡ್ ಜೊತೆಗೆ ನೋಡಬೇಕಾದದ್ದು

ಬಿಚ್ಚಿದ್ದೀರಿ, ಕಣ್ಣಾಡಿಸಿ. ಡಿಸ್ಕಿನ ಎರಡೂ ಮುಖ ಉಗುರಿನಿಂದ ಸವರಿ. ಸಣ್ಣ ಗೆರೆಗಳಿದ್ದರೆ ಪರವಾಗಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು, ಅಂಚಿನಲ್ಲಿ ಎತ್ತರದ ದಿಂಡು, ನೀಲಿಗಟ್ಟಿದ ಕಲೆ, ಬಿರುಕು ಇದ್ದರೆ ಡಿಸ್ಕ್ ಬದಲಿಸಬೇಕು. ಎಷ್ಟು ದಪ್ಪಕ್ಕಿಂತ ತೆಳ್ಳಗಾಗಬಾರದು ಎಂಬ ಅಂಕಿಯನ್ನು ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ, ತುಕ್ಕು ಕೆರೆದರೆ ಕಾಣುತ್ತದೆ. ಲೇತ್ ಹಿಡಿಸಿ ನುಣುಪು ಮಾಡಿಸುವುದು ಆ ಅಂಕಿಗಿಂತ ದಪ್ಪ ಉಳಿಯುವುದಾದರೆ ಮಾತ್ರ ಲಾಭ.

ಕ್ಯಾಲಿಪರ್ ಸರಿದಾಡುವ ಎರಡು ಪಿನ್ನುಗಳನ್ನು ಕೈಯಿಂದ ಎಳೆದು ಬಿಡಿ. ಸಲೀಸಾಗಿ ಸರಿಯಬೇಕು. ಒಳಗಿನ ಪ್ಯಾಡೊಂದೇ ಸವೆಯುವ ರೋಗಕ್ಕೆ ಮೂಲ ಹೆಚ್ಚಾಗಿ ಇದೇ: ಪಿನ್ನಿನ ರಬ್ಬರ್ ಟೊಪ್ಪಿಗೆ ಹರಿದು ಧೂಳು ನೀರು ಹೊಕ್ಕು ಪಿನ್ ಕಚ್ಚಿಕೊಂಡಿರುತ್ತದೆ. ತೆಗೆದು ಒರೆಸಿ, ತೆಳ್ಳಗೆ ಸಿಲಿಕಾನ್ ಗ್ರೀಸು ಸವರಿ, ಟೊಪ್ಪಿಗೆ ಹರಿದಿದ್ದರೆ ಹೊಸದು ಹಾಕಿ. ಮಜೂರಿಗೆ ಅವಸರ ಮಾಡುವ ಗ್ಯಾರೇಜಿನಲ್ಲಿ ಬಿಟ್ಟುಹೋಗುವುದು ಈ ಒಂದು ಕೆಲಸ, ಹೊಸ ಪ್ಯಾಡ್ ಆರೇ ತಿಂಗಳಲ್ಲಿ ಮುಗಿಯುವುದೂ ಇದರಿಂದಲೇ. ಪಿಸ್ಟನ್ನಿನ ಸುತ್ತ ಒದ್ದೆಯಾಗಿದ್ದರೆ, ರಬ್ಬರ್ ಪೈಪಿನಲ್ಲಿ ಬಿರುಕು ಕಂಡರೆ ಪ್ಯಾಡ್ ಹಾಕುವುದನ್ನು ನಿಲ್ಲಿಸಿ. ಮುಂದಿನದು ಮೇಸ್ತ್ರಿಯ ಕೆಲಸ.

ಹಂತ 7: ಪಿಸ್ಟನ್ ಹಿಂದೆ ಒತ್ತುವುದು

ಹಳೆಯ ಪ್ಯಾಡ್ ತೆಳ್ಳಗಾದಂತೆಲ್ಲ ಪಿಸ್ಟನ್ ಮುಂದೆ ಬಂದಿರುತ್ತದೆ. ಹೊಸ ದಪ್ಪ ಪ್ಯಾಡ್ ಕೂರಬೇಕಾದರೆ ಅದು ಹಿಂದೆ ಸರಿಯಬೇಕು. ಮೊದಲು ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮೇಲಿನ ಗೆರೆಯವರೆಗೆ ತುಂಬಿದ್ದರೆ ಸಿರಿಂಜಿನಿಂದ ಸ್ವಲ್ಪ ತೆಗೆಯಿರಿ. ಇಲ್ಲದಿದ್ದರೆ ಪಿಸ್ಟನ್ ಒತ್ತಿದಾಗ ಉಕ್ಕಿ ಹರಿಯುತ್ತದೆ. ಬ್ರೇಕ್ ಆಯಿಲ್ ಕಾರಿನ ಬಣ್ಣ ತಿನ್ನುತ್ತದೆ. ಬಿದ್ದ ಕೂಡಲೇ ನೀರು ಸುರಿದು ತೊಳೆಯಿರಿ.

ಹಳೆಯ ಪ್ಯಾಡೊಂದನ್ನು ಪಿಸ್ಟನ್ನಿಗೆ ಅಡ್ಡ ಇಟ್ಟು ಸಿ ಕ್ಲ್ಯಾಂಪಿನಿಂದ ನಿಧಾನಕ್ಕೆ, ನೇರವಾಗಿ ಒತ್ತಿ. ಸ್ಕ್ರೂ ಡ್ರೈವರಿನಿಂದ ಮೀಟುವುದು, ಸುತ್ತಿಗೆಯಿಂದ ಬಡಿಯುವುದು ಬೇಡ; ರಬ್ಬರ್ ಸೀಲ್ ಹರಿದರೆ ಹೊಸ ಕ್ಯಾಲಿಪರಿನ ಖರ್ಚು. ಎಷ್ಟು ಒತ್ತಿದರೂ ಸರಿಯದಿದ್ದರೆ ಜಾಮ್ ಆಗಿದೆಯೆಂದೇ ಅರ್ಥ.

ಹಂತ 8: ಹೊಸ ಪ್ಯಾಡ್

ಪ್ಯಾಡ್ ಕೂರುವ ಸಂದುಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿ. ಎರೆಮಣ್ಣು ಅಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಹೊಸ ಕ್ಲಿಪ್ಪು ಡಬ್ಬಿಯಲ್ಲಿ ಬಂದಿದ್ದರೆ ಹಳೆಯದನ್ನು ಎಸೆದು ಹೊಸದು ಹಾಕಿ. ಫೋಟೋ ನೋಡಿಕೊಂಡು ಪ್ಯಾಡ್ ಕೂರಿಸಿ. ನಾಲಿಗೆಯಿದ್ದದ್ದು ಸಾಮಾನ್ಯವಾಗಿ ಒಳಬದಿಗೆ. ಉಜ್ಜುವ ಮುಖ ಡಿಸ್ಕಿನ ಕಡೆಗೇ ಇರಬೇಕು. ನಗಬೇಡಿ, ತಿರುಗುಮುರುಗು ಕೂರಿಸಿ ಗರಗರ ಎನಿಸಿಕೊಂಡು ಹೋದವರಿದ್ದಾರೆ. ಉಜ್ಜುವ ಮುಖಕ್ಕಾಗಲಿ ಡಿಸ್ಕಿಗಾಗಲಿ ಗ್ರೀಸು, ಎಣ್ಣೆ, ಬೆವರುಗೈ ತಾಗಬಾರದು.

ಕ್ಯಾಲಿಪರ್ ಇಳಿಸಿ, ಬೋಲ್ಟ್ ಮೊದಲು ಕೈಯಿಂದ ಹತ್ತಿಸಿ, ಆಮೇಲೆ ಪುಸ್ತಕದಲ್ಲಿ ಕೊಟ್ಟ ಬಿಗಿತಕ್ಕೆ ಬಿಗಿ ಮಾಡಿ. ಗಾಲಿ ಏರಿಸಿ, ನಟ್ಟುಗಳನ್ನು ಎದುರುಬದುರಾಗಿ ಹತ್ತಿಸಿ, ಕಾರು ಇಳಿಸಿದ ಮೇಲೆ ಪೂರ್ತಿ ಬಿಗಿ ಮಾಡಿ. ಬಹಳಷ್ಟು ಸಣ್ಣ ಕಾರುಗಳಿಗೆ ಇದು 85ರಿಂದ 100 ನ್ಯೂಟನ್ ಮೀಟರ್ ಒಳಗೆ. ನಿಮ್ಮ ಕಾರಿನ ಪುಸ್ತಕ ಹೇಳಿದ್ದೇ ಅಂತಿಮ. ಪಾನಾದ ಮೇಲೆ ಹತ್ತಿ ನಿಂತು ಬಿಗಿ ಮಾಡಿದರೆ ಬೋಲ್ಟಿನ ಹಲ್ಲು ಹೋಗುತ್ತದೆ, ಹೆದ್ದಾರಿಯಲ್ಲಿ ಪಂಕ್ಚರ್ ಆದಾಗ ಅದೇ ನಟ್ಟು ಅಳಿಸುತ್ತದೆ. ಇನ್ನೊಂದು ಗಾಲಿಗೂ ಇದೇ ವಿಧಿ.

ಹಂತ 9: ಸ್ಟಾರ್ಟ್ ಮಾಡುವ ಮೊದಲು ಪೆಡಲ್

ಪಿಸ್ಟನ್ ಹಿಂದೆ ಸರಿದಿದೆ, ಹಾಗಾಗಿ ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಇದನ್ನು ಮರೆತು ರಿವರ್ಸ್ ತೆಗೆದವರು ಗೇಟಿಗೇ ಗುದ್ದಿದ್ದಾರೆ. ಕಾರು ನಿಂತಲ್ಲೇ ಪೆಡಲನ್ನು ನಿಧಾನಕ್ಕೆ, ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಆಮೇಲೆ ಆಯಿಲ್ ಡಬ್ಬಿಯ ಗೆರೆ ನೋಡಿ. ಕಡಿಮೆಯಿದ್ದರೆ ಮುಚ್ಚಳದ ಮೇಲೆ ಬರೆದ ಡಾಟ್ 3 ಅಥವಾ ಡಾಟ್ 4 ಅನ್ನೇ, ಹೊಸದಾಗಿ ಸೀಲ್ ಒಡೆದ ಡಬ್ಬಿಯಿಂದ ಹಾಕಿ. ಎಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ಒಂದು ಹನಿಯೂ ಬೀಳಬಾರದು.

ಹಂತ 10: ಓಡಿಸಿ ನೋಡುವುದು

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗ ಮುಳುಗಿದ್ದರಿಂದ ಕಟ್ಟಿದ ನವನಗರದಲ್ಲಿ ಸೆಕ್ಟರುಗಳ ನಡುವಿನ ರಸ್ತೆಗಳು ಅಗಲ. ಬೆಳಗಿನ ಹೊತ್ತು ಖಾಲಿ. ಮೊದಲ ಪರೀಕ್ಷೆಗೆ ಅಂಥ ಜಾಗ ಬೇಕು, ಇಳಕಲ್ಲಿನ ಸಂತೆಬೀದಿಯಲ್ಲ, ಬನಶಂಕರಿ ಜಾತ್ರೆಯ ದಾರಿಯಂತೂ ಅಲ್ಲವೇ ಅಲ್ಲ. ನಡಿಗೆಯ ವೇಗದಲ್ಲಿ ಎರಡು ಮೂರು ಸಲ ನಿಲ್ಲಿಸಿ ನೋಡಿ. ಸರಿಯೆನಿಸಿದರೆ ಖಾಲಿ ರಸ್ತೆಯಲ್ಲಿ 60ರ ವೇಗದಿಂದ 20ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯಿರಿ. ಹೀಗೆ ಎಂಟು ಹತ್ತು ಬಾರಿ, ನಡುವೆ ಅರೆನಿಮಿಷ ಆರಲು ಬಿಟ್ಟು. ಹೊಸ ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮನಾಗಿ ಹತ್ತುವುದು ಹೀಗೆ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಗಕ್ಕನೆ ಬ್ರೇಕ್ ತುಳಿಯುವ ಸಂದರ್ಭ ತಂದುಕೊಳ್ಳಬೇಡಿ; ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗ್ರಾನೈಟ್ ಲಾರಿಯ ಹಿಂದೆ ಅಂತರ ಬಿಟ್ಟು ಹೋಗಿ. ಐವತ್ತು ಕಿ.ಮೀ. ಆದ ಮೇಲೆ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ.

ಡ್ರಮ್ಮು, ಆಯಿಲ್ಲು ಯಾಕೆ ಬೇಡ

ಹಿಂದಿನ ಡ್ರಮ್ ಬಿಚ್ಚಬೇಕಾದರೆ ಹ್ಯಾಂಡ್ ಬ್ರೇಕ್ ಬಿಡಬೇಕು. ಅಲ್ಲಿಗೇ ಕಾರನ್ನು ಹಿಡಿದಿಡುವ ಒಂದು ಆಧಾರ ಹೋಯಿತು. ಡ್ರಮ್ ತುಕ್ಕಿಗೆ ಕಚ್ಚಿಕೊಂಡಿದ್ದರೆ ಅದರಲ್ಲಿರುವ ಎರಡು ತೂತಿಗೆ 8 ಮಿ.ಮೀ. ಬೋಲ್ಟ್ ತಿರುವಿ ಹೊರಗೆ ತಳ್ಳಬೇಕು. ಒಳಗೆ ಮೂರ್ನಾಲ್ಕು ಸ್ಪ್ರಿಂಗುಗಳು ಎಳೆದು ಕೂತಿರುತ್ತವೆ, ಒಂದು ಚಿಮ್ಮಿದರೆ ಕಣ್ಣಿಗೇ. ಅಡ್ಜಸ್ಟರ್ ಎಡ ಬಲ ಅದಲುಬದಲಾದರೆ ಬ್ರೇಕ್ ತಾನಾಗಿ ಸರಿಹೊಂದುವುದನ್ನೇ ಬಿಡುತ್ತದೆ. ಮೇಸ್ತ್ರಿಗೆ ಅರ್ಧ ತಾಸಿನ ಕೆಲಸ ಹೊಸಬರಿಗೆ ಇಡೀ ಭಾನುವಾರ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ; ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆಯಾದರೆ ಪೆಡಲ್ ಟೊಳ್ಳು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸುವಾಗ ಒಬ್ಬರು ಪೆಡಲ್ ಒತ್ತಿ ಇನ್ನೊಬ್ಬರು ನಿಪ್ಪಲ್ ತೆರೆದು ಮುಚ್ಚುವ ತಾಳ ತಪ್ಪಿದರೆ ಒಳಗೆ ಏರ್ ಹೊಗುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅದರ ಘಟಕದೊಳಗೆ ಹೊಕ್ಕ ಏರನ್ನು ತೆಗೆಯಲು ಎಷ್ಟೋ ಕಾರುಗಳಿಗೆ ಸ್ಕ್ಯಾನರ್ ಯಂತ್ರವೇ ಬೇಕು.

ಮೇಸ್ತ್ರಿಯ ಹತ್ತಿರ ಹೋದಾಗ

ಪ್ಯಾಡ್ ನೀವೇ ಕೊಂಡೊಯ್ಯಿರಿ, ಇಲ್ಲವೇ ಡಬ್ಬಿ ನಿಮ್ಮೆದುರೇ ಒಡೆಯಲು ಹೇಳಿ. "ಅಣ್ಣಾ, ಪಿನ್ ತಗದು ಗ್ರೀಸ್ ಹಚ್ಚರಿ, ಹಳೇ ಪ್ಯಾಡ್ ನನ್ನ ಕೈಯಾಗ ಕೊಡ್ರಿ" ಎಂದು ಮೊದಲೇ ಹೇಳಿಬಿಡಿ. ಒಳ್ಳೆಯ ಮೇಸ್ತ್ರಿಗೆ ಇದರಿಂದ ಸಿಟ್ಟು ಬರುವುದಿಲ್ಲ. ಗಿರಾಕಿಗೆ ವಿಷಯ ಗೊತ್ತಿದೆಯೆಂದು ಅವನೂ ನಾಲ್ಕು ಮಾತು ಹೆಚ್ಚು ಹೇಳುತ್ತಾನೆ. ಮಜೂರಿಯಲ್ಲಿ ಐವತ್ತು ರೂಪಾಯಿಗೆ ಚೌಕಾಶಿ ಬೇಡ. ಆ ಐವತ್ತನ್ನು ಅವನು ಪಿನ್ನಿನ ಮೇಲೆಯೇ ಉಳಿಸುತ್ತಾನೆ.

ನನ್ನ ಅಭಿಪ್ರಾಯ ಕೇಳಿದರೆ: ಸಮತಟ್ಟು ಸಿಮೆಂಟ್ ನೆಲ, ಜಾಕ್ ಸ್ಟ್ಯಾಂಡ್, ಒಂದು ಬಿಡುವಿನ ಬೆಳಗು ಇದ್ದವರು ಮುಂದಿನ ಪ್ಯಾಡನ್ನು ಒಮ್ಮೆಯಾದರೂ ಸ್ವತಃ ಬದಲಿಸಿ, ಮೊದಲ ಸಲ ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಗ್ಯಾರೇಜಿಗೆ ಹೋಗಿ. ಕೆಲಸದ ನಡುವೆ ಏನಾದರೂ ಅನುಮಾನ ಬಂದರೆ, ಇಲ್ಲವೇ ಎಲ್ಲ ಮುಗಿದ ಮೇಲೂ ಪೆಡಲ್ ಮೆತ್ತಗಿದ್ದರೆ, "ಹೆಂಗೂ ಗ್ಯಾರೇಜ್ ಇಲ್ಲೇ ಐತಿ, ಸಾವಕಾಶ ಹೊಡಕೊಂಡು ಹೋಗೂಣು" ಎನ್ನಬೇಡಿ. ನಮ್ಮ ಊರುಗಳಲ್ಲಿ ಫೋನ್ ಮಾಡಿದರೆ ಮೇಸ್ತ್ರಿ ಬೈಕ್ ಮೇಲೆ ಪಾನಾದ ಚೀಲ ಹಾಕಿಕೊಂಡು ಮನೆಗೇ ಬರುತ್ತಾನೆ. ಅವನಿಗೆ ನೂರು ರೂಪಾಯಿ ಹೆಚ್ಚು ಕೊಡಿ.